ಅಮೃತಪ್ಪನವರ ದೋ-ಸಿ-ದೋ

ಹೆಂಡತಿ ಬೈದರೆ ತಡೆದುಕೊಳ್ಳಬಹುದು, ಮಾತೇ ಬಿಟ್ಟರೆ ಗಂಡಸು ಮನೆಯೊಳಗೆ ಬದುಕುವುದು ಹೇಗೆ? ಸೇಡಂ ತಹಶೀಲ ಕಚೇರಿಯ ಗುಮಾಸ್ತ ಅಮೃತಪ್ಪನವರು ಈ ಪೀಡೆಯನ್ನು ತಾವಾಗಿಯೇ ತಂದುಕೊಂಡಿದ್ದರು. ಊಟಕ್ಕೆ ಬಂದಿದ್ದ ಹೆಂಡತಿಯ ತಮ್ಮನ ಎದುರಿಗೇ, "ನಮ್ಮವ್ವ ಬಡದ ರೊಟ್ಟಿ ಹಿಂಗ ದಪ್ಪ ಇರ್ತಿದ್ದಿಲ್ಲ ಬಿಡು," ಎಂದುಬಿಟ್ಟಿದ್ದರು. ಅಂದಿನಿಂದ ಮಹಾದೇವಮ್ಮ ಗಂಡನಿಗೆ ಬೆನ್ನು ಕೊಟ್ಟಳು. ಹೇಳುವುದೇನಿದ್ದರೂ ಪಕ್ಕದ ಮನೆಯ ಆಶಾಬಿಯ ಮೂಲಕ. (ಆಶಾಬಿ ಇಲ್ಲದಾಗ ಎಮ್ಮೆಯ ಮೂಲಕ.)

"ಆಶಾಬಿ, ಅವರಿಗಿ ಹೇಳು, ಸೋಮವಾರ ನಾ ಚಿಂಚೋಳಿಗಿ ತವರಮನಿಗಿ ಹೊಂಟೀನಿ."

ಈ ಸಂಕಟದ ನಡುವೆ ಅಮೃತಪ್ಪ ಸರ್ಕಾರಿ ಕಾಗದ ಹೊತ್ತು ವಾಡಿಗೆ ಹೋಗಬೇಕಾಯಿತು. ಅಲ್ಲಿ ರೈಲ್ವೆ ಸಾಹೇಬರ ಕ್ಲಬ್ಬಿನಲ್ಲಿ ಕುಣಿತ ನಡೆದಿತ್ತು. ಕಿಟಕಿಯಲ್ಲಿ ಇಣುಕಿದರು. ಒಬ್ಬ "ದೋ-ಸಿ-ದೋ" ಎಂದು ಕೂಗಿದ್ದೇ ತಡ, ಎದುರುಬದುರು ನಿಂತ ಜೋಡಿಗಳು ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ, ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ಮತ್ತೆ ಮುಖಾಮುಖಿಯಾದವು. ಕಿಟಕಿಯ ಬಳಿ ನಿಂತಿದ್ದ ರೈಲ್ವೆ ಗಾರ್ಡ್ ಸಾಹೇಬನೊಬ್ಬ ಅರ್ಥ ಬಿಡಿಸಿ ಹೇಳಿದ: ಇದು ಫ್ರಾನ್ಸ್ ದೇಶದ ಮಾತು, ಮೂಲದಲ್ಲಿ 'ದೋಜಾದೋ'. ದೋ ಎಂದರೆ ಬೆನ್ನು (ಉರ್ದುವಿನ ಎರಡಲ್ಲ), ಬೆನ್ನಿಗೆ ಬೆನ್ನು ಎಂದರ್ಥ. ಇಂಗ್ಲಿಷರ ಬಾಯಲ್ಲಿ ಸವೆದು ಹೀಗಾಗಿದೆ. ಅಮೃತಪ್ಪನವರ ಕಣ್ಣು ತುಂಬಿ ಬಂತು. ತಮ್ಮ ಮನೆಯ ಕಷ್ಟಕ್ಕೆ ಫ್ರಾನ್ಸಿನವರು ಎಂದೋ ಮದ್ದು ಅರೆದಿಟ್ಟಿದ್ದರು.

ಮನೆಗೆ ಬಂದವರೇ ಹೆಂಡತಿಯ ಬೆನ್ನಿಗೆ ಎಲ್ಲವನ್ನೂ ವಿವರಿಸಿದರು. "ಬೆನ್ನು ಕೊಟ್ಟರ ತಪ್ಪಿಲ್ಲ. ಸುತ್ತಿ ಬಂದು ಮತ್ತ ಮಾರಿ ನೋಡಬೇಕು, ಅಷ್ಟೇ. ನೀ ನಿಂದ್ರು, ನಾ ತೋರಸ್ತೀನಿ."

ಹಿಂದಕ್ಕೆ ನಡೆಯುವ ವಿದ್ಯೆಯಲ್ಲಿ ಅಮೃತಪ್ಪನವರು ಪಳಗಿದವರು. ತಹಶೀಲ್ದಾರ ಸಾಹೇಬರಿಗೆ ಬೆನ್ನು ತೋರಿಸುವುದು ಬೇಅದಬಿ, ದೊಡ್ಡ ಅಮರ್ಯಾದೆ. ನಿತ್ಯವೂ ಸಲಾಮು ಮಾಡುತ್ತ, ಹೊಸ್ತಿಲು ದಾಟುವವರೆಗೂ ಹಿಂದಕ್ಕೇ ಸರಿಯಬೇಕು. ಆ ರೂಢಿ ಈಗ ಕೈಕೊಟ್ಟಿತು. ಮಹಾದೇವಮ್ಮನನ್ನು ಸುತ್ತಿ ಹಿಂದಕ್ಕೆ ಹೆಜ್ಜೆಯಿಟ್ಟದ್ದೇ ಕೈ ತಾನಾಗಿ ಹಣೆಗೆ ಹೋಯಿತು, ಕಾಲು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಸಲಾಮು ಮಾಡುತ್ತಲೇ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಅಂಗಳದಲ್ಲಿ ಕುಳ್ಳು ತಟ್ಟಲು ಇಟ್ಟಿದ್ದ ಸಗಣಿಯ ಬುಟ್ಟಿಯಲ್ಲಿ ಸಾಂಗವಾಗಿ ಆಸೀನರಾದರು.

ಸದ್ದಿಗೆ ಮಹಾದೇವಮ್ಮ ತಿರುಗಿದಳು. ಗಂಡ ಇನ್ನೂ ಸಲಾಮಿನ ಕೈ ಇಳಿಸಿರಲಿಲ್ಲ. ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಏಳ್ರಿ, ನಡಕ್ಕ ಪೆಟ್ಟಾತೇನ್ರಿ?"

ನೇರವಾಗಿ ಆಡಿದ ಮಾತು, ಎಮ್ಮೆಯ ಮುಖಾಂತರವಲ್ಲ. ಅಮೃತಪ್ಪನವರಿಗೆ ಹೋದ ಜೀವ ಬಂದಂತಾಯಿತು. ಫ್ರಾನ್ಸಿನವರಿಗೂ, ತಹಶೀಲ್ದಾರರಿಗೂ, ಸಗಣಿ ಹಾಕಿದ ಎಮ್ಮೆಗೂ ಮನಸ್ಸಿನಲ್ಲೇ ಶರಣು ಮಾಡಿದರು.

"ತಪ್ಪಾತು. ನಿನ್ನ ರೊಟ್ಟಿ ತಿಂದೇ ನಾ ಬದುಕೀನಿ. ಇನ್ನ ಚಿಂಚೋಳಿಗಿ ಹೋಗಲ್ಲಲ್ಲ?"

ಮಹಾದೇವಮ್ಮ ಗಂಡನ ಬೆನ್ನಿಗೆ ಬಿಸಿನೀರು ಹೊಯ್ದಳು. "ಹೋಗಲಾರದ ಹೆಂಗ್ರಿ? ಆದರ ಒಬ್ಬಾಕಿ ಹೋಗಲ್ಲ, ನೀವೂ ನಡೀರಿ. ರೊಟ್ಟಿ ಮಾತು ನಮ್ಮ ತಮ್ಮನ ಮುಂದ ಆಡೀರಿ. ಈ ಕುಣಿತಾನೂ ಅವನ ಮುಂದೇ ಆಗಲಿ."

ಸೋಮವಾರ ಗಂಡ ಹೆಂಡತಿ ಬಂಡಿಯಲ್ಲಿ ಎದುರುಬದುರು ಕೂತು ಹೊರಟರು. ದಾರಿಯುದ್ದಕ್ಕೂ ಆಕೆ ಮಾತಾಡಿದಳು, ಅವರು ಕೃತಾರ್ಥರಾಗಿ ಕೇಳಿದರು. ನಡುವೆ ಆ ಸಗಣಿಯ ಬುಟ್ಟಿಯೂ ಇತ್ತು. ಸದ್ಯಕ್ಕೆ ಅದು ಖಾಲಿ, ಆದರೆ ಚಿಂಚೋಳಿಯಲ್ಲಿ ಎಮ್ಮೆಗಳಿಗೇನು ಬರವೇ?