ಅತ್ತೆ ನೂರಾ ಹನ್ನೆರಡು ಸಲ ಗುಂಜಿ ತಲುಪಿದ್ದು

ನನ್ನ ನಾದಿನಿ ಒಬ್ಬರನ್ನಾದರೂ ‘ಹೇಗಿದ್ದೀರಿ’ ಎಂದು ಕೇಳಿದ್ದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ಕಂಡಿಲ್ಲ! ಮನೆಗೆ ಬಂದವರ ಕುಶಲವನ್ನು ಮೊದಲು ಕೇಳಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳಿಂದ ಕಲಿತವಳು ನಾನು. ಇವಳೋ, ಹೆರಿಗೆಯಾಗಿ ಬಂದ ಗೆಳತಿಯನ್ನೂ ‘ಏನ್ ಬದಲಾತು?’ ಎಂದು ಕೇಳಿದಳು. ಪಾಪ, ಆ ಹುಡುಗಿ ಕೂಸನ್ನೇ ಎತ್ತಿ ತೋರಿಸಬೇಕಾಯಿತು.

ವಡಗಾವಿಯ ನೇಕಾರರ ಸೀರೆ ಮಾರುವ ವೆಬ್ ಆ್ಯಪ್ ಬರೆಯುವುದು ಅವಳ ಕೆಲಸ. ರಾಮತೀರ್ಥ ನಗರದ ನಮ್ಮ ಮನೆಯ ಮಹಡಿ ಕೋಣೆಯೇ ಕಚೇರಿ. ಒಮ್ಮೆ ಚಹಾ ಕೊಡಲು ಹೋದವಳು, ಅವಳ ಬಾಯಲ್ಲಿ ಸದಾ ಇರುವ ಪದವೊಂದನ್ನು ಹಿಡಿದು, ‘ಮಿಡಲ್‌ವೇರ್ ಅಂದ್ರ ಏನವಾ?’ ಎಂದು ಕೇಳಿಬಿಟ್ಟೆ.

‘ವೈನಿ, ನೀವು ಗುಂಡಿ ಒತ್ತತೀರಿ. ಆ ಸುದ್ದಿ ಒಳಗ ಹೋಗೂ ದಾರ್ಯಾಗ ಒಬ್ಬಾಕಿ ಕುಂತು ಎಲ್ಲಾ ಕೇಳಿಸ್ಕೊಂತಾಳ.’

‘ಅಂದ್ರ ನಮ್ಮ ಎದುರಮನಿ ಆಯಿ?’

‘ಹೂಂರೀ. ಆದ್ರ ಈಕಿ ಬರೇ ಕೇಳೂದಿಲ್ಲ. ಏನರ ಬದಲಾದ್ರ ಏನ್ ಮಾಡಬೇಕಂತ ಮೊದಲ ಹೇಳಿರ್ತೀವಿ. ಅಷ್ಟೂ ಮಾಡತಾಳ!’

ಇಂಥ ನಡುವಿನಾಕೆಯನ್ನು ಅವಳು ನಮ್ಮ ಮನೆಗೇ ತಂದು ಕೂರಿಸಿದ್ದು ಅತ್ತೆಯವರಿಗಾಗಿ. ಪ್ರತಿ ಮಂಗಳವಾರ ಒಬ್ಬರೇ ರೈಲು ಹತ್ತಿ ಗುಂಜಿಯ ತಂಗಿಯ ಮನೆಗೆ ಹೋಗಿಬರುವುದು ಅತ್ತೆಯವರ ಜೀವ. ಒಂದು ಸಲ ನಡುವೆ ಖಾನಾಪುರದಲ್ಲಿ ಇಳಿದು, ಪೇಟೆಯಲ್ಲಿ ರಕ್ತದ ಸಕ್ಕರೆ ಕುಸಿದು ಬಿದ್ದುಬಿಟ್ಟರು. ನನ್ನ ಗಂಡ ಗುಡುಗಿದರು: ‘ಇನ್ನ ಒಬ್ಬಾಕಿನ ಹೋಗೂದು ಬಂದ್!’

‘ಬಂದ್ ಬ್ಯಾಡೋ ಅಣ್ಣಾ. ನಾ ಏನರ ಮಾಡತೀನಿ’ ಎಂದಳು ನಾದಿನಿ.

ಮಾಡಿದಳು. ಅತ್ತೆಯ ಫೋನಿನಲ್ಲಿ ಮೂರು ದೊಡ್ಡ ಗುಂಡಿಗಳು: ರೈಲು ಹತ್ತಿದೆ, ತಲುಪಿದೆ, ಊಟ ಮಾಡಿದೆ. ಒತ್ತಿದರೆ ನಮಗೆಲ್ಲ ಸುದ್ದಿ. ಪರೀಕ್ಷೆಗೆಂದು ಅವಳೇ ಒಂದನ್ನು ಒತ್ತಿದಳು. ಮರುಕ್ಷಣವೇ ಆಫೀಸಿನಿಂದ ಫೋನಿನಲ್ಲಿ ಇವರ ಕೂಗು: ‘ಅವ್ವ ಹೇಳದ ಕೇಳದ ರೈಲು ಹತ್ತ್ಯಾಳಲೇ!’

‘ಇಲ್ರೀ, ನನ್ನ ಮುಂದ ಕುಂತು ಅವರಿಕಾಯಿ ಬಿಡಸಾಕತ್ತಾರ!’

ಮಂಗಳವಾರ ಬಂತು. ಚಪಾತಿ ಲಟ್ಟಿಸುತ್ತಿದ್ದೆ. ‘ಅವ್ವ ಗುಂಜಿ ತಲುಪಿದಳು’ ಎಂದು ಫೋನು ಹೇಳಿತು. ಅಬ್ಬಾ ಎಂದೆ. ಮತ್ತೆ ‘ತಲುಪಿದಳು’. ಮತ್ತೆ! ಫೋನು ನಡುಗುತ್ತ ನಡುಗುತ್ತ ಕಟ್ಟೆಯ ಮೇಲೆ ಜಾರಿ ಹಿಟ್ಟಿನ ಪರಾತಕ್ಕೆ ಬಿತ್ತು. ಹಿಟ್ಟಿನೊಳಗಿನಿಂದಲೂ ‘ತಲುಪಿದಳು’! ಅತ್ತೆಗೆ ಫೋನು ಮಾಡಿದರೆ, ಸಿಗ್ನಲ್ ಬಂದುಹೋಗುವ ಕಾಡಂಚಿನ ಊರು, ಹತ್ತುತ್ತಲೇ ಇಲ್ಲ. ಹಿಟ್ಟು ಒರೆಸಿ ಬಂದ ಸುದ್ದಿಗಳನ್ನು ಎಣಿಸಿದೆ. ಒಬ್ಬ ಹೆಂಗಸು ಒಂದೇ ಊರನ್ನು ನೂರಾ ಹನ್ನೆರಡು ಸಲ ತಲುಪುತ್ತಾಳೆಯೇ?

ಇವರು ಆಫೀಸು ಬಿಟ್ಟು ಕಾರಿನಲ್ಲಿ ಗುಂಜಿಗೆ ಧಾವಿಸಿದರು. ಅಲ್ಲಿ ಅತ್ತೆ ನೆಮ್ಮದಿಯಾಗಿ ಝುಣಕ ಉಣ್ಣುತ್ತಿದ್ದರಂತೆ. ‘ನಾ ಒಮ್ಮೆ ಅಷ್ಟ ಒತ್ತೀನೋ, ದೇವರಾಣಿ!’ ಅರ್ಧ ಊಟದಲ್ಲೇ ಎಬ್ಬಿಸಿ ಕರೆತಂದರು.

ತಪ್ಪು ಸಿಕ್ಕಿತು. ಅತ್ತೆಯ ಸ್ಥಿತಿ ಬದಲಾದರೆ ಸುದ್ದಿ ಕಳಿಸು, ಕಳಿಸಿದ್ದನ್ನು ಆ ಸ್ಥಿತಿಯ ಪಟ್ಟಿಯಲ್ಲೇ ಬರೆದಿಡು ಎಂದು ನಾದಿನಿ ಹೇಳಿದ್ದಳಂತೆ. ಆ ನಡುವಿನಾಕೆ ಸುದ್ದಿ ಕಳಿಸಿದಳು, ಬರೆದಿಟ್ಟಳು. ಬರೆದದ್ದೇ ಒಂದು ಬದಲಾವಣೆಯಾಯಿತಲ್ಲ! ಮತ್ತೆ ಕಳಿಸಿದಳು, ಮತ್ತೆ ಬರೆದಳು... ತನ್ನ ದನಿಗೆ ತಾನೇ ಓಗೊಡುವವಳನ್ನು ನಿಲ್ಲಿಸುವವರು ಯಾರು? ನಾದಿನಿ ಎರಡೇ ಸಾಲು ತಿದ್ದಿದಳು. ಆದರೆ ಆ ರಾತ್ರಿ ಊಟಕ್ಕೆ ಕೆಳಗೆ ಇಳಿಯಲಿಲ್ಲ.

ಮುಂದಿನ ಮಂಗಳವಾರ. ಅತ್ತೆ ಇಳಕಲ್ ಸೀರೆ ಉಟ್ಟು ಹೊಸಿಲ ತನಕ ಬಂದರು, ಬಾಗಿಲ ಕಟ್ಟೆಯ ಮೇಲೆ ಕುಳಿತರು, ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದರು.

‘ಬ್ಯಾಡ ಬಿಡ್ರಿ. ನನ್ನಿಂದ ಎಲ್ಲಾರಿಗೂ ತ್ರಾಸ.’

ಮಹಡಿಯಿಂದ ನಾದಿನಿ ಇಳಿದು ಬಂದಳು. ಕಣ್ಣ ಸುತ್ತ ಕಪ್ಪು. ತಾಯಿಯ ಮುಂದೆ ಮೊಣಕಾಲೂರಿ, ಚಪ್ಪಲಿ ಹತ್ತಿರಕ್ಕೆಳೆದು, ಒಂದೊಂದಾಗಿ ಕಾಲಿಗೆ ತೊಡಿಸತೊಡಗಿದಳು.

‘ತಪ್ಪಿದ್ದು ನಾ ಬರದದ್ದವಾ, ನಿನ್ನ ಕಾಲಲ್ಲ. ನೀ ಹೋಗು.’

ಇವರು ಸ್ಟೇಷನ್ನಿಗೆ ಬಿಡಲು ಗಾಡಿ ಕೀ ತೆಗೆದುಕೊಂಡರು. ಅತ್ತೆ ಮಗಳ ನೆತ್ತಿಯ ಮೇಲೆ ಕೈಯಿಟ್ಟರು, ಆಶೀರ್ವಾದಕ್ಕೋ ಆಧಾರಕ್ಕೋ ತಿಳಿಯಲಿಲ್ಲ, ಅದನ್ನೇ ಊರಿಕೊಂಡು ಎದ್ದರು.