ಮುನ್ನೂರು ಕಾಯಿಗೆ ಹನ್ನೆರಡು ಕೊಸರು

ನನ್ನ ಹೆಂಡತಿ ಸುಧಾಗೆ ಎಂಬಿಎ ಪ್ರವೇಶ ಪರೀಕ್ಷೆಯ ಲೆಕ್ಕ ಹೇಳಿಕೊಡಲು ನನಗಿಂತ ಯೋಗ್ಯರು ಇಡೀ ನಂಜನಗೂಡಿನಲ್ಲಿ ಇಲ್ಲವೆಂದು ನಾನೇ ತೀರ್ಮಾನಿಸಿದೆ. ಇಪ್ಪತ್ತು ವರ್ಷ ತೆಂಗಿನಕಾಯಿ ಮಂಡಿ ನಡೆಸಿದವನು ನಾನು. ಒಂದು ದಿನವೂ ಕ್ಯಾಲ್ಕುಲೇಟರ್ ಮುಟ್ಟಿದವನಲ್ಲ!

ಸುಧಾ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾಳೆ. ಎಂಬಿಎ ಇದೆ ಎಂಬ ಒಂದೇ ಕಾರಣಕ್ಕೆ, ಇವಳೇ ಕೆಲಸ ಕಲಿಸಿದ ಹುಡುಗಿ ಇವಳಿಗೇ ಮ್ಯಾನೇಜರ್ ಆಗಿ ಬಂದು ಕೂತಳು. ಅದು ಇವಳಿಗೆ ನುಂಗಲಾರದ ತುತ್ತಾಯಿತು. ಮೂವತ್ತೆಂಟನೇ ವಯಸ್ಸಿನಲ್ಲಿ ಹಟ ಹಿಡಿದು ಸಂಜೆ ಕಾಲೇಜಿಗೆ ಅರ್ಜಿ ಹಾಕಿದಳು.

"ಮೈಸೂರಲ್ಲಿ ಕೋಚಿಂಗ್ ಸೇರ್ಕೋತೀನಿ ಕಣ್ರೀ."

"ಮನೇಲಿ ನಾನಿರುವಾಗ ಮೈಸೂರಿಗ್ಯಾಕೆ?" ಅಂದೆ. ಪಾಪ, ನಂಬಿದಳು!

ಶಿಸ್ತಿನ ಮೊದಲ ಕ್ರಮವಾಗಿ, ಪುಸ್ತಕದ ಹಿಂದಿದ್ದ ಉತ್ತರದ ಹಾಳೆಗಳನ್ನು ಹರಿದು ನೀರೊಲೆಗೆ ಹಾಕಿದೆ. ಕಾಪಿ ಹೊಡೆಯಬಾರದಲ್ಲ! ಆಮೇಲೆ ಇಪ್ಪತ್ತು ಪ್ರಶ್ನೆಗಳ ಮಾದರಿ ಪರೀಕ್ಷೆ ಬರೆಸಿ, ಕೆಂಪು ಪೆನ್ನು ಹಿಡಿದು ತಿದ್ದಲು ಕೂತೆ.

ಮುನ್ನೂರು ತೆಂಗಿನಕಾಯಿಗಳನ್ನು ಹನ್ನೆರಡು ಬುಟ್ಟಿಗೆ ಸಮವಾಗಿ ತುಂಬಿದರೆ ಬುಟ್ಟಿಗೆಷ್ಟು? ಇಪ್ಪತ್ತೈದು ಎಂದು ಬರೆದಿದ್ದಳು. ತಪ್ಪು! ನೂರು ಕಾಯಿ ಕೊಂಡವರಿಗೆ ಮೇಲೆ ನಾಲ್ಕು ಕಾಯಿ ಕೊಸರು ಕೊಡುವುದು ನಮ್ಮ ಮಂಡಿಯ ಪದ್ಧತಿ. ಮುನ್ನೂರಕ್ಕೆ ಹನ್ನೆರಡು ಕೊಸರು ಸೇರಿಸಿದರೆ ಬುಟ್ಟಿಗೆ ಇಪ್ಪತ್ತಾರು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಇಪ್ಪತ್ತಾರೂ ಇತ್ತು! ಪ್ರಶ್ನೆ ತೆಗೆದವನು ವ್ಯಾಪಾರ ಬಲ್ಲವನೆಂದು ಮೆಚ್ಚಿಕೊಂಡು ಗೀಟು ಎಳೆದೆ.

ಒಂದು ಪಂಪು ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ, ಇನ್ನೊಂದು ಆರು ಗಂಟೆಯಲ್ಲಿ ತುಂಬಿಸುತ್ತದೆ. ಎರಡೂ ಸೇರಿದರೆ? ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ ಎಂದಿದ್ದಳು. ತಿ. ನರಸೀಪುರದಲ್ಲಿ ನಮ್ಮ ಮಾವನ ತೋಟದಲ್ಲಿ ಎರಡು ಪಂಪು ಒಟ್ಟಿಗೆ ಹಾಕಿದರೆ ಫ್ಯೂಸೇ ಹೋಗುತ್ತದೆ. "ಯಾವುದೂ ಅಲ್ಲ" ಎಂಬುದೇ ಸರಿ ಉತ್ತರ. ಮತ್ತೊಂದು ಗೀಟು!

ಮುಂದಿನದು ಬೀಜಗಣಿತ. ತಂದೆಯ ವಯಸ್ಸು ಮಗನ ಮೂರರಷ್ಟು, ಹನ್ನೆರಡು ವರ್ಷವಾದ ಮೇಲೆ ಎರಡರಷ್ಟು. ಮಗನ ವಯಸ್ಸೆಷ್ಟು?

"ಮಗನ ವಯಸ್ಸು ಎಕ್ಸ್ ಅಂತ ತಗೊಂಡೆ. ಹನ್ನೆರಡು ಬಂತು" ಅಂದಳು.

"ಆಧಾರ್ ಕಾರ್ಡ್ ನೋಡ್ದೆ ಕಂಡೋರ ವಯಸ್ಸು ಹೇಳಬಾರ್ದು ಕಣೇ!" ಗೀಟು.

ಫಲಿತಾಂಶ: ಇಪ್ಪತ್ತಕ್ಕೆ ಮೂರು.

ಸುಧಾ ಕಾಗದವನ್ನೇ ನೋಡುತ್ತಾ ಕೂತಳು. "ನನ್ ಕೈಲಾಗಲ್ಲ ಬಿಡಿ. ಪರೀಕ್ಷೆಗೆ ಹೋಗಲ್ಲ" ಎಂದು ಕಣ್ಣೊರೆಸಿಕೊಂಡಳು. ಆದರೂ ನ್ಯಾಯ ನ್ಯಾಯವೇ. ಅರ್ಧ ಅಂಕವನ್ನೂ ಹೆಚ್ಚಿಗೆ ಕೊಡಲಿಲ್ಲ!

ಮರುದಿನ ಬೆಳಿಗ್ಗೆ, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ್ದ ಮೇಷ್ಟ್ರು ಕಾಯಿ ಕೊಳ್ಳಲು ಮಂಡಿಗೆ ಬಂದರು. ಬಂದವರಿಗೆ ತೋರಿಸಲೆಂದು ನಾನು ಪ್ರಶ್ನೆಗಳ ಸಮೇತ ತಂದಿದ್ದ ಸುಧಾಳ ಉತ್ತರಪತ್ರಿಕೆ ಮೇಜಿನ ಮೇಲಿತ್ತು. ಎತ್ತಿಕೊಂಡು ಓದಿದರು.

"ಯಾವನ್ಲಾ ಇದನ್ನ ತಿದ್ದಿದ್ದು?"

"ನಾನೇ ಸಾ!" ಎದೆಯುಬ್ಬಿಸಿದೆ.

ಮೇಷ್ಟ್ರು ಕನ್ನಡಕ ತೆಗೆದರು. "ಲೇ ಮಾದೇವ, ಆ ಎಣ್ಮಗಳು ಇಪ್ಪತ್ತಕ್ಕೆ ಅದಿನೇಳು ತೆಗ್ದವ್ಳೆ ಕಣ್ಲಾ. ನೀನು ರೈಟ್ ಆಕಿರೋ ಮೂರೇ ತಪ್ಪು!"

ಮಂಡಿಯನ್ನು ಅವರಿಗೇ ಒಪ್ಪಿಸಿ ಮನೆಗೆ ಓಡಿದೆ. ವಿಷಯ ಕೇಳಿದ ಸುಧಾ ನೆಟ್ಟಗೆ ಹೋಗಿ ಪುಸ್ತಕ ತೆಗೆದಳು.

ಪರೀಕ್ಷೆ ಬರೆದಳು. ಪಾಸಾದಳು. ಸೀಟೂ ಸಿಕ್ಕಿತು!

"ನನ್ನ ಪಾಠದಿಂದ ಏನೂ ಉಪಯೋಗ ಆಗ್ಲಿಲ್ವಾ?" ಎಂದು ಅವತ್ತು ಮೆಲ್ಲಗೆ ಕೇಳಿದೆ.

"ಅಯ್ಯೋ, ಯಾಕಾಗಲ್ಲ? ಗೊತ್ತಿಲ್ದೇ ಇರೋ ಪ್ರಶ್ನೆ ಬಂದಾಗೆಲ್ಲ, ನಾಲ್ಕು ಉತ್ತರದಲ್ಲಿ ನೀವು ಯಾವುದಕ್ಕೆ ರೈಟ್ ಹಾಕ್ತಿದ್ರಿ ಅಂತ ಯೋಚ್ನೆ ಮಾಡ್ತಿದ್ದೆ. ಮೊದ್ಲು ಅದನ್ನ ಹೊಡೆದು ಹಾಕ್ತಿದ್ದೆ. ಉಳಿದ ಮೂರರಲ್ಲಿ ಹುಡುಕೋದು ಸಲೀಸಾಯ್ತು ಕಣ್ರೀ!"