‘ಬರೀ ನೀರು’ ಸಾಲಿನ ಮೂರನೇ ಕುಂಡ

ಇಂದ:
ಸಂಶೋಧನಾ ವಿದ್ಯಾರ್ಥಿನಿ, ಸಸ್ಯಶಾಸ್ತ್ರ ವಿಭಾಗ

ಗೆ:
ಮಾನ್ಯ ಮಾರ್ಗದರ್ಶಕರು, ಅದೇ ವಿಭಾಗ

ವಿಷಯ: ಒಂದು ಟೊಮೆಟೊ ಗಿಡಕ್ಕೆ ಒಣಗಿಸುವ ಒವನ್‌ನಿಂದ ವಿನಾಯಿತಿ ಕೋರಿ.

ಉಲ್ಲೇಖ: “ಸೋಮವಾರ ಎಲ್ಲಾ ಗಿಡ ಕಿತ್ತು, ಒಣಗಿಸಿ, ತೂಕ ಮಾಡ್ಬಿಡಮ್ಮ” ಎಂದು ತಾವು ಮೆಟ್ಟಿಲಿಳಿಯುತ್ತಾ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಸತುವಿನ ನ್ಯಾನೊ ಕಣಗಳಿಂದ ಗಿಡದ ಬೆಳವಣಿಗೆ ಏನಾಗುತ್ತದೆಂದು ನೋಡಲು ಇಟ್ಟಿದ್ದ ಕುಂಡಗಳನ್ನು, ವಿಭಾಗದ ಗಾಜಿನಮನೆ ರಿಪೇರಿಯಲ್ಲಿರುವ ಕಾರಣ, ತಮ್ಮ ಅನುಮತಿಯ ಮೇರೆಗೆ ನಮ್ಮ ಮನೆಯ ಬಾಲ್ಕನಿಗೆ ಸಾಗಿಸಲಾಗಿತ್ತು. ತದನಂತರದ ಬೆಳವಣಿಗೆಗಳನ್ನು ಈ ಕೆಳಗೆ ನಿವೇದಿಸಿಕೊಂಡಿದ್ದೇನೆ.

೧. ಮೊದಲ ಸಾಲಿಗೆ ಕಡಿಮೆ ಕಣ, ಎರಡನೆಯದಕ್ಕೆ ಹೆಚ್ಚು ಕಣ, ಮೂರನೆಯದಕ್ಕೆ ಹೋಲಿಕೆಯ ಸಲುವಾಗಿ ಏನೂ ಇಲ್ಲ. ಈ ಸಾಲಿಗೆ ‘ಬರೀ ನೀರು’ ಎಂದು ಚೀಟಿ ಅಂಟಿಸಿದ್ದೆ.

೨. ಮನೆಯಲ್ಲಿ ನನ್ನ ಅತ್ತೆಯವರಿದ್ದಾರೆ. ಮಾವ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟಿದ್ದರು, ಊಟವನ್ನೂ ಹೆಚ್ಚುಕಡಿಮೆ ಬಿಟ್ಟಿದ್ದರು. ಚೀಟಿ ಓದಿದ ದಿನ ಬಾಯಿ ಬಿಟ್ಟರು: “ಅವಕ್ಕೆಲ್ಲ ಔಷಧಿ ಹಾಕ್ತೀಯ, ಇದೇನಮ್ಮ ಪಾಪ ಮಾಡಿದೆ? ಬರೀ ನೀರು ಕುಡ್ಕೊಂಡು ಯಾರಾದ್ರೂ ಬದುಕ್ತಾರಾ?” ಅವರಿಗೆ ನಾವು ಅಷ್ಟು ದಿನ ಹೇಳುತ್ತಿದ್ದುದೂ ಇದೇ ಮಾತು.

೩. ಕಾರಣ, ನಾನಿಲ್ಲದ ಹೊತ್ತಿನಲ್ಲಿ ಆ ಸಾಲಿಗೆ ಅಕ್ಕಿ ತೊಳೆದ ನೀರು ಗುಟ್ಟಾಗಿ ಮಂಜೂರಾಗತೊಡಗಿತು. ನೀರಿಗಾಗಿ ಅತ್ತೆಯವರು ಅಡುಗೆಮನೆ ಹೊಕ್ಕರು. ಅಕ್ಕಿ ತೊಳೆದಾಗಿದ್ದರಿಂದ ಅನ್ನ ಮಾಡಿದರು. ಅನ್ನವಾಗಿದ್ದರಿಂದ ಉಂಡರು. ಪಾತ್ರೆ ಸಮೇತ ಸಿಕ್ಕಿಬಿದ್ದರೂ ತಪ್ಪೊಪ್ಪಿಕೊಳ್ಳಲಿಲ್ಲ.

೪. ಹೆಚ್ಚು ಕಣದ ಸಾಲು ಹಳದಿಯಾಗಿ ಮುದುರಿತು. ಕಡಿಮೆ ಕಣದ್ದು ಚೆನ್ನಾಗಿಯೇ ಬಂತು. ‘ಬರೀ ನೀರು’ ಎರಡನ್ನೂ ಮೀರಿಸಿತು. “ಹಾಗಾದ್ರೆ ಕಣ ಯಾಕೆ ಬೇಕಿತ್ತಮ್ಮ?” ಎಂದು ತಾವು ಕೇಳಿದಾಗ ನಾನು ಫ್ಯಾನು ನೋಡುತ್ತಾ ನಿಂತದ್ದು ಈ ಕಾರಣದಿಂದ.

೫. ಅದೇ ಸಾಲಿನ ಮೂರನೇ ಕುಂಡದ ಗಿಡ ವಾಲಿತು. ಮಾವನ ಅಂಗಿಗಳನ್ನು ಯಾರಿಗೂ ಮುಟ್ಟಗೊಡದ ಅತ್ತೆಯವರು ಒಂದನ್ನು ತಾವೇ ಹರಿದು, ಆ ಪಟ್ಟಿಯಿಂದ ಗಿಡವನ್ನು ಕೋಲಿಗೆ ಕಟ್ಟಿದ್ದಾರೆ. ಅದನ್ನು ಬಿಚ್ಚಲು ನನಗೆ ಕೈ ಬರುವುದಿಲ್ಲ.

ಆದ್ದರಿಂದ, ಪ್ರಯೋಗ ಕೆಟ್ಟಿದೆಯೆಂದು ದಾಖಲಿಸಿ ಬೀಜದಿಂದ ಮತ್ತೆ ಆರಂಭಿಸಲು ಒಪ್ಪಿದ್ದೇನೆ. ಪದವಿ ಒಂದು ವರ್ಷ ತಡವಾದರೆ ಆಗಲಿ. ಉಳಿದ ಗಿಡಗಳನ್ನು ಕಿತ್ತು ತರುತ್ತೇನೆ, ಮೂರನೇ ಕುಂಡವೊಂದನ್ನು ಬಿಟ್ಟುಕೊಡಬೇಕಾಗಿ ಪ್ರಾರ್ಥನೆ. ನಿಯಮದಲ್ಲಿ ಅವಕಾಶವಿಲ್ಲದ ಪಕ್ಷದಲ್ಲಿ, ಸೋಮವಾರ ತಾವೇ ಮನೆಗೆ ದಯಮಾಡಿಸಿ ಈ ವಿಷಯವನ್ನು ಅತ್ತೆಯವರಿಗೆ ಖುದ್ದಾಗಿ ತಿಳಿಸಬೇಕು. ಊಟ ಮಾಡಿಕೊಂಡೇ ಹೋಗಬೇಕೆಂದು ಅವರು ಈಗಾಗಲೇ ಹೇಳಿಯಾಗಿದೆ.

ತಮ್ಮ ವಿಶ್ವಾಸಿ ಹಾಗೂ ಅವರ ಸೊಸೆ,
(ಸಹಿ)

ಅಡಕಗಳು:
೧. ಬೆಳವಣಿಗೆಯ ನಕ್ಷೆ (ಅಮಾನ್ಯ).
೨. ಟೊಮೆಟೊ, ಒಂದು, ಮೂರನೇ ಕುಂಡದ್ದು. ಅತ್ತೆಯವರು ತಮಗೆಂದು ಕೊಟ್ಟದ್ದು. ದಯವಿಟ್ಟು ತೂಕ ಮಾಡದೆ ತಿನ್ನುವುದು.